ಹೊಂದಿಸಿ ಕೊಟ್ಟ ಮಾತ್ರೆ

ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ನಗುವವರು ನಮ್ಮ ಅಕ್ಕನನ್ನು ನೋಡಿಲ್ಲ. ಅವಳು ಒಂದು ಸೀನು ಸೀನಿದರೆ ಸಾಕು, ನನ್ನ ಎದೆ ಡವಡವ ಎನ್ನಲು ಶುರುವಾಗುತ್ತದೆ. ಅಕ್ಕನೆಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುತ್ತದೆ ಲೋಕ. ನಾವೂ ಕಚ್ಚಾಡಿದವರೇ, ಸುಳ್ಳೇಕೆ ಹೇಳಲಿ. ಆದರೆ ಹದಿನಾಲ್ಕು ವರ್ಷ ಒಂದೇ ಅಡುಗೆಮನೆ, ಹನ್ನೊಂದು ವರ್ಷ ಒಂದೇ ಟೈಲರ್ ಅಂಗಡಿಯಲ್ಲಿ ಕಳೆದ ಮೇಲೆ ಹಾವಿಗೂ ಮುಂಗುಸಿಗೂ ಒಬ್ಬರಿಲ್ಲದೆ ಇನ್ನೊಬ್ಬರಿಗೆ ಊಟ ಸೇರುವುದಿಲ್ಲ.

ಅಂಗಡಿಯಲ್ಲಿ ನನ್ನದು ಓವರ್‌ಲಾಕ್ ಮೆಷೀನು. ಅಕ್ಕನದು ಗುಂಡಿ ಮತ್ತು ಗುಂಡಿ ತೂರಿಸುವ ಕಾಜಾ. ಕಾಜಾ ಹಾಕುವ ಮೆಷೀನು ಬಂದು ಎಷ್ಟೋ ಕಾಲವಾಯಿತು, ಆದರೂ ದುಬಾರಿ ಕೋಟುಗಳಿಗೆ ಕೈಯ ಕಾಜಾವೇ ಬೇಕು, ಅದಕ್ಕೆ ಅಕ್ಕನೇ ಬೇಕು. ಅವಳು ಒಂದು ಕಾಜಾ ಮುಗಿಸುವಷ್ಟರಲ್ಲಿ ನಾನು ಎರಡು ಪ್ಯಾಂಟು ಮುಗಿಸುತ್ತೇನೆ. ಸೂಜಿ ಹಿಡಿದ ಬೆರಳಿಗೆ ಅಂಗುಸ್ತಾನದ ಲೋಹದ ಟೋಪಿ, ಪಕ್ಕದ ಬೆರಳಿಗೂ ಬಟ್ಟೆಯ ಸುತ್ತು. ಹಾಗಾಗಿ ಅವಳಿಗೆ ಅಂಗಡಿಯಲ್ಲಿ ನಿಧಾನಮ್ಮ ಎಂದೇ ಹೆಸರು. ನಿಧಾನವೇ ಪ್ರಧಾನ ಎಂದು ಅವಳೂ ನಗುತ್ತಿದ್ದಳು. ಆ ನಿಧಾನದ ಹಿಂದಿನ ಗುಟ್ಟು ಅಲ್ಲಿ ಗೊತ್ತಿದ್ದುದು ನನಗೊಬ್ಬಳಿಗೆ.

ಅಂಗಡಿಗೆ ಸೇರುವ ಹಿಂದಿನ ವರ್ಷ ಅಕ್ಕ ಹುಳುಕು ದವಡೆ ಹಲ್ಲು ಕೀಳಿಸಿಕೊಂಡಿದ್ದಳು. ರಕ್ತ ಎರಡು ದಿನ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಯ ರಕ್ತದ ಡಾಕ್ಟರಮ್ಮ ಏನೇನೋ ಪರೀಕ್ಷೆ ಮಾಡಿಸಿ ಕೊನೆಗೆ ಹೇಳಿದರು, "ನಿಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಲೆಕ್ಕ ಸರಿಯಾಗೇ ಇದೆ. ಆದ್ರೆ ಗಾಯ ಆದಾಗ ಅವು ಒಂದಕ್ಕೊಂದು ಸರಿಯಾಗಿ ಅಂಟಿಕೊಳ್ಳಲ್ಲ. ಹುಟ್ಟಿನಿಂದ ಬಂದಿದ್ದು." ನಾನು ಅರ್ಥಮಾಡಿಕೊಂಡದ್ದು ಇಷ್ಟು: ಕೆಲಸಗಾರರೆಲ್ಲ ಹಾಜರಿ ಹಾಕಿದ್ದಾರೆ, ಕೆಲಸ ಮಾತ್ರ ಮಾಡುವುದಿಲ್ಲ.

ಸುಮ್ಮನೆ ಮೇಜಿನ ಮೂಲೆ ತಾಗಿದರೂ ಅಕ್ಕನ ತೋಳು ನೀಲಿಗಟ್ಟುತ್ತದೆ. ಬೀದಿಯ ಹೆಂಗಸರು ಅದನ್ನು ನೋಡಿ ನಮ್ಮ ಭಾವನನ್ನು ದುರುಗುಟ್ಟಿ ನೋಡುತ್ತಿದ್ದರು. ಪಾಪ, ಇರುವೆ ಸಾಲು ಕಂಡರೆ ದಾಟಿ ಹೋಗುವ ಮನುಷ್ಯ ಆತ. ಹೆಂಡತಿಯ ಗುಟ್ಟಿಗಾಗಿ ಹೆಂಡತಿ ಹೊಡೆಯುವವನೆಂಬ ಹೆಸರು ಹೊತ್ತುಕೊಂಡು ಬಾಯಿ ಮುಚ್ಚಿಕೊಂಡಿದ್ದರು.

ಗುಟ್ಟೇಕೆ ಎಂದರೆ, ಸೂಜಿಯ ಕೆಲಸ. ರಕ್ತ ನಿಲ್ಲದವಳ ಕೈಗೆ ಯಾರು ಸೂಜಿ ಕೊಡುತ್ತಾರೆ? ಸೇರಿದ ದಿನವೇ ಅಕ್ಕ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳು. ಬೆರಳಿಗೆ ಚುಚ್ಚಿಕೊಂಡರೆ ಮಡಿಲಿನ ಬಟ್ಟೆಯಡಿ ಹತ್ತಿ ಒತ್ತಿಕೊಂಡು, ಕೋಟಿನ ಅಂದ ನೋಡುವವಳಂತೆ ಕಾಲು ಗಂಟೆ ಕೂರುತ್ತಿದ್ದಳು. ಡಾಕ್ಟರಮ್ಮ ಸದಾ ಜೊತೆಯಲ್ಲಿರಲಿ ಎಂದು ಒಂದು ಕಾರ್ಡು ಕೊಟ್ಟಿದ್ದರು. ಏನು ಕಾಯಿಲೆ, ಏನು ಕೊಡಬಾರದು, ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲ ಅದರಲ್ಲಿತ್ತು. ಅಕ್ಕ ಅದನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದಳು, ಹೌದು. ಪರ್ಸಿನ ಒಳಬಟ್ಟೆಯೊಳಗೆ ಇಟ್ಟು, ಯಾರ ಕಣ್ಣಿಗೂ ಬೀಳದಂತೆ ಸುತ್ತ ಹೊಲಿದುಬಿಟ್ಟಿದ್ದಳು! ಅವಳ ಹೊಲಿಗೆಯೋ, ಹುಡುಕಿದರೂ ಸಿಗುವಂಥದ್ದಲ್ಲ. ನಾನು ಅದನ್ನು ನೋಡಿ ಬುದ್ಧಿವಂತೆ ಎಂದು ಹೊಗಳಿದ್ದೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಹೀಗಿರುವಾಗ ಒಂದು ವಾರ ಅಕ್ಕನಿಗೆ ನೆಗಡಿ ಹಿಡಿಯಿತು. ಔಷಧಿ ತಗೊಂಡರೆ ಒಂದು ವಾರ, ತಗೊಳ್ಳದಿದ್ದರೆ ಏಳು ದಿನ ಎಂದು ಜನ ತಮಾಷೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಅದು ಏಳು ದಿನದ ಪಹರೆ. ಅಕ್ಕ ಮೂಗನ್ನು ಜೋರಾಗಿ ಸೀಟುವಂತಿಲ್ಲ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಮೂಗಿನೊಳಗೆ ಒಣಗಿ ಬಿರಿಯದಂತೆ ಔಷಧಿ ಅಂಗಡಿಯ ಉಪ್ಪುನೀರಿನ ಹನಿ ಬಿಟ್ಟುಕೊಳ್ಳಬೇಕು. ಜ್ವರ ಮೈಕೈ ನೋವಿಗೆ ಪ್ಯಾರಸಿಟಮಾಲ್ ಒಂದೇ, ಅದೂ ಡಾಕ್ಟರಮ್ಮ ಹೇಳಿದ ಲೆಕ್ಕದಲ್ಲಿ. ಆಸ್ಪಿರಿನ್ ಆಗಲಿ, ಮಿಕ್ಕ ನೋವಿನ ಮಾತ್ರೆಯಾಗಲಿ ಅವಳಿಗೆ ವಿಷವಿದ್ದಂತೆ, ಏಕೆಂದರೆ ಮೊದಲೇ ಸೋಮಾರಿಗಳಾದ ಪ್ಲೇಟ್‌ಲೆಟ್‌ಗಳನ್ನು ಅವು ಪೂರ್ತಿ ಮಲಗಿಸಿಬಿಡುತ್ತವೆ. ನೆಗಡಿಗೆಂದು ಮಾರುವ ಕೆಲವು ಮಾತ್ರೆಗಳಲ್ಲೂ ಅವು ಸೇರಿರುತ್ತವಂತೆ, ಹಾಗಾಗಿ ಚೀಟಿ ಓದದೆ ಏನನ್ನೂ ನುಂಗುವ ಹಾಗಿಲ್ಲ. ಯಾರೋ ಡಾಕ್ಟರು ಸೊಂಟಕ್ಕೆ ಇಂಜೆಕ್ಷನ್ ಎಂದರೆ, ಮಾಂಸದೊಳಗೆ ರಕ್ತ ಸೋರೀತೆಂದು ಎದ್ದು ಬರಬೇಕು. ಇಷ್ಟನ್ನೂ ಅಕ್ಕ ಪಾಲಿಸುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಇನ್ನು ಮಾಸ್ಟರು. ಕಟಿಂಗ್ ಅವರದು, ಅಂಗಡಿಯೂ ಅವರದು. ಬಾಯಿ ಕತ್ತರಿಗಿಂತ ಹರಿತ, ಮನಸ್ಸು ಮಾತ್ರ ಬೆಣ್ಣೆ. ಅವರ ಹೆಮ್ಮೆಯೆಲ್ಲ ಕಣ್ಣಿನದು. ಯಾವ ಬಟ್ಟೆ ತಂದಿಟ್ಟರೂ ಡಬ್ಬದಿಂದ ಅದೇ ಬಣ್ಣದ ದಾರ, ಅದೇ ಅಳತೆಯ ಗುಂಡಿ ತೆಗೆದು ಹೊಂದಿಸುತ್ತಾರೆ. ಬಿಳಿಯಲ್ಲೇ ಹನ್ನೊಂದು ಬಿಳಿ ಇದೆ ಎಂದು ವಾದಿಸುತ್ತಾರೆ. ಹೊಂದಿಸಿ ಹೊಂದಿಸಿ ಅದೊಂದು ಚಟವಾಗಿಬಿಟ್ಟಿದೆ. ತಮ್ಮ ಮಾತ್ರೆಗಳನ್ನೂ ಹೆಸರಿರುವ ಹೊದಿಕೆಯಿಂದ ಬಿಡಿಸಿ, ಗುಂಡಿ ಡಬ್ಬದ ಚಿಕ್ಕ ಚಿಕ್ಕ ಖಾನೆಗಳಲ್ಲಿ ಬಣ್ಣ ನೋಡಿ, ಗಾತ್ರ ನೋಡಿ ಜೋಡಿಸಿಟ್ಟಿದ್ದರು. ಟೈಲರನಲ್ಲದೆ ಬೇರೆ ಯಾರೂ ಇಂಥ ಕೆಲಸ ಮಾಡಲಾರರು.

ನೆಗಡಿಯ ನಾಲ್ಕನೆಯ ದಿನ. ಮದುವೆ ಕೋಟುಗಳ ರಾಶಿ ಬಿದ್ದಿತ್ತು. ಅಕ್ಕನ ಕಣ್ಣು ಕೆಂಪಗೆ, ಮೈ ಸುಡುತ್ತಿತ್ತು. ಪರ್ಸಿನಲ್ಲಿ ಉಳಿದಿದ್ದುದು ಕಾಗದದಲ್ಲಿ ಸುತ್ತಿದ ಅರ್ಧ ಮಾತ್ರೆ. ನಾನು ಹಿಂದಿನ ಕೋಣೆಯಲ್ಲಿ ಇಸ್ತ್ರಿಗೆ ನೀರು ಚಿಮುಕಿಸುತ್ತಿದ್ದೆ. ಮುಂದೆ ನಡೆದದ್ದು ನನಗೆ ಗೊತ್ತಾದುದು ಒಂದು ಗಂಟೆಯ ನಂತರ, ಮಾಸ್ಟರು ಜಂಭದಿಂದ ಹೇಳಿಕೊಂಡಾಗ.

"ನಿಮ್ಮ ನಿಧಾನಮ್ಮಂಗೆ ನಾನೇ ಡಾಕ್ಟರ್ ಇವತ್ತು. ಅರ್ಧ ಮಾತ್ರೆ ಇಟ್ಕೊಂಡು ಕೂತಿದ್ಲು. ಅರ್ಧದಲ್ಲಿ ಏನಾಗುತ್ತೆ? ತಾ ಇಲ್ಲಿ ಅಂತ ಇಸ್ಕೊಂಡು, ನನ್ನ ಡಬ್ಬದಿಂದ ಅದೇ ಬಿಳಿ, ಅದೇ ದಪ್ಪ, ನಡುವೆ ಗೆರೆ ಸಮೇತ ಹೊಂದಿಸಿ ಕೊಟ್ಟೆ ನೋಡು!"

ನಾನು ಆ ಡಬ್ಬವನ್ನು ಎಳೆದುಕೊಂಡೆ. "ಏನು ಮಾತ್ರೆ ಮಾಸ್ಟ್ರೇ ಅದು? ಹೆಸರೇನು?"

"ಹೆಸರು ಯಾರಿಗೆ ಬೇಕು? ಹೊಂದಿತಲ್ಲ."

ನಾನು ಅಕ್ಕನನ್ನು ನೋಡಿದೆ. ಅವಳು ತಲೆ ತಗ್ಗಿಸಿಕೊಂಡು ಕಾಜಾ ಹಾಕುತ್ತಲೇ ಇದ್ದಳು. ಹತ್ತಿರ ಹೋಗಿ ಪಿಸುಗುಟ್ಟಿದೆ, "ನುಂಗಿದ್ಯಾ?"

"ಎದುರಿಗೆ ನಿಂತು ನೀರು ಕೊಟ್ರು ಕಣೇ. ಬೇಡ ಅಂದ್ರೆ ಯಾಕೆ ಅಂತಾರೆ. ಏನಂತ ಹೇಳ್ಲಿ? ಅವರ ಕಣ್ಣು ಯಾವತ್ತೂ ತಪ್ಪಲ್ಲ ಅಲ್ವಾ?" ಅವಳು ನನ್ನಿಂದ ಹೌದೆಂಬ ಉತ್ತರಕ್ಕಾಗಿ ಕಾಯುತ್ತಿದ್ದಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಅಂಗಡಿಯಲ್ಲಿ ಹೊಲಿಗೆ ಮೆಷೀನು ತುಳಿಯುವ ಅಣ್ಣನಿಗೆ ಮಾತ್ರೆಯ ಡಬ್ಬ ಕೊಟ್ಟು ಎದುರಿನ ಔಷಧಿ ಅಂಗಡಿಗೆ ಓಡಿಸಿದೆ. ಆತ ಹೋದಾಗಿನಿಂದ ಬರುವವರೆಗೆ ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಬಂದವನು ಹೇಳಿದ, "ಆ ಖಾನೇಲಿ ಎರಡು ಥರ ಇದಾವಂತೆ. ನೋಡೋಕೆ ಒಂದೇ ಥರ. ಒಂದು ಪ್ಯಾರಸಿಟಮಾಲು, ಇನ್ನೊಂದು ತಲೆನೋವಿನ ಹಳೇ ಮಾತ್ರೆ, ಆಸ್ಪಿರಿನ್ನು."

ಅಕ್ಕ ನುಂಗಿದ್ದು ಯಾವುದು? ಅದನ್ನು ಹೇಳಬಲ್ಲವರು ಯಾರೂ ಇರಲಿಲ್ಲ.

ಡಾಕ್ಟರಮ್ಮನ ನಂಬರ್ ಹುಡುಕೋಣವೆಂದು ನಾನು ಅಕ್ಕನ ಪರ್ಸಿಗೆ ಕೈ ಹಾಕುವಷ್ಟರಲ್ಲಿ ಅವಳು ಸೀನಿದಳು. ಒಂದು, ಎರಡು, ಮೂರು. ಮೂರನೆಯದಕ್ಕೆ ಬಟ್ಟೆ ಕೆಂಪಾಯಿತು. ತೊಡೆಯ ಮೇಲಿದ್ದ ಬೂದು ಕೋಟಿನ ಮೇಲೂ ಬಿತ್ತು. ಅಕ್ಕ ಮೊದಲು ಕೋಟನ್ನು ಪಕ್ಕಕ್ಕೆ ಸರಿಸಿದಳು. ಅಂಥ ಹೊತ್ತಿನಲ್ಲೂ!

ಮಾಸ್ಟರು ಕತ್ತರಿ ಬಿಟ್ಟು ಓಡಿ ಬಂದರು. "ಜ್ವರದ ಉಷ್ಣ ಅಷ್ಟೇ, ತಲೆ ಹಿಂದಕ್ಕೆ ಹಾಕು ತಾಯಿ, ಹಿಂದಕ್ಕೆ," ಎಂದು ಹಣೆ ಹಿಡಿದು ತಳ್ಳತೊಡಗಿದರು. ಅಕ್ಕನ ಗಂಟಲಿಗೆ ರಕ್ತ ಇಳಿದು ಕೆಮ್ಮು ಬಂತು. ಆಗಲೂ ಅವಳು ನನ್ನನ್ನು ನೋಡಿ ಬೇಡ ಎಂಬಂತೆ ಕೈ ಆಡಿಸಿದಳು. ಹೇಳಬೇಡ ಎಂದು.

ಆಣೆ ಗೀಣೆ ಎಲ್ಲ ಗಾಳಿಗೆ ಹೋಯಿತು. "ಬಿಡಿ ಮಾಸ್ಟ್ರೇ, ಮುಟ್ಟಬೇಡಿ! ಅವಳಿಗೆ ರಕ್ತ ಹೆಪ್ಪುಗಟ್ಟಲ್ಲ! ಹುಟ್ಟಿನಿಂದ ಇರೋ ಕಾಯಿಲೆ ಅದು!" ಎಂದು ಕಿರುಚಿದೆ. ಅಳತೆ ಕೊಡಲು ಬಂದಿದ್ದ ಇಬ್ಬರು ಗಿರಾಕಿಗಳು ಹಿಂದಕ್ಕೆ ಸರಿದರು. ಮಾಸ್ಟರು ಕೈ ತೆಗೆದರು.

ಅಕ್ಕನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು ಬೆರಳಲ್ಲಿ ಬಿಗಿಯಾಗಿ ಒತ್ತಿ ಹಿಡಿದೆ. ಬಾಯಲ್ಲಿ ಉಸಿರಾಡು ಎಂದೆ. ಇನ್ನೊಂದು ಕೈಯಲ್ಲಿ ಪರ್ಸು ಮಾಸ್ಟರ ಕಡೆಗೆ ಎಸೆದೆ. "ಒಳಬಟ್ಟೆ ಹೊಲಿಗೆ ಬಿಚ್ಚಿ. ಒಂದು ಕಾರ್ಡಿದೆ."

ಬದುಕೆಲ್ಲ ಹೊಲಿಗೆ ಬಿಚ್ಚಿದ ಕೈ ಅದು, ಆದರೂ ಅಕ್ಕನ ಹೊಲಿಗೆ ಅವರಿಗೆ ಸಿಗಲಿಲ್ಲ. ತಿರುಗಿಸಿದರು, ಮಗುಚಿದರು, ಬೆಳಕಿಗೆ ಹಿಡಿದರು. "ಎಲ್ಲಿ ಹೊಲಿದಿದ್ದಾಳೆ ಇವಳು, ಎಲ್ಲಿ?" ಎಂದು ಅವರ ದನಿ ಬಿರಿಯಿತು. ಕೊನೆಗೆ ಬ್ಲೇಡಿನಿಂದ ಪರ್ಸನ್ನೇ ಸೀಳಿದರು. ಕಾರ್ಡು ಓದುತ್ತ ಓದುತ್ತ ಅವರ ಮುಖ ಬಿಳಿಚಿಕೊಂಡಿತು. ಮೊದಲ ಸಾಲೇ ಆಸ್ಪಿರಿನ್ ಕೊಡಬೇಡಿ ಎಂಬುದಾಗಿತ್ತು.

ಫೋನಿನಲ್ಲಿ ಡಾಕ್ಟರಮ್ಮ ಒಂದೇ ಮಾತು ಹೇಳಿದರು. "ಯಾವ ಮಾತ್ರೆ ಅಂತ ಗೊತ್ತಿಲ್ಲ ಅಂದ್ರೆ ಆಸ್ಪಿರಿನ್ ಅಂತಲೇ ತಿಳ್ಕೊಳ್ಳಿ. ಮೂಗು ಬಿಡಬೇಡಿ, ಹಾಗೇ ಕರ್ಕೊಂಡು ಬನ್ನಿ."

ಅಳತೆಗೆ ಬಂದಿದ್ದ ಗಿರಾಕಿಯ ಕಾರಿನಲ್ಲಿ ನಾನು ಗಡಿಯಾರ ನೋಡುತ್ತ ಕುಳಿತೆ. ಹದಿನೈದು ನಿಮಿಷ. ಬೆರಳು ಸಡಿಲಿಸಿದರೆ ಮತ್ತೆ ರಕ್ತ. ಮತ್ತೆ ಒತ್ತಿದೆ. ಇಪ್ಪತ್ತೈದು ನಿಮಿಷ. ನನ್ನ ಬೆರಳು ಜೋಮು ಹಿಡಿದಿತ್ತು. ಈ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದು ಅವಳಿಗೆ ಮಾಡಿದ ಉಪಕಾರವೆಂದೇ ನಂಬಿದ್ದೆನಲ್ಲ, ಈಗ ಅವಳೇ ಕೈ ತಪ್ಪಿ ಹೋದರೆ ಭಾವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. ಮುಂದಿನ ಸೀಟಿನಲ್ಲಿ ಮಾಸ್ಟರು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ ಎಂದು ಕಾಣುತ್ತದೆ.

ಆಸ್ಪತ್ರೆಯಲ್ಲಿ ಮೂಗಿನ ಹೊಳ್ಳೆಗೆ ಔಷಧಿಯ ಬತ್ತಿ ಇಟ್ಟರು. ಹೆಪ್ಪು ಕರಗದಂತೆ ಕಾಪಾಡುವ ಔಷಧಿ ರಕ್ತನಾಳಕ್ಕೆ ಏರಿಸಿದರು. ಬೇಕಾದರೆ ಇರಲಿ ಎಂದು ಪ್ಲೇಟ್‌ಲೆಟ್ ಚೀಲಕ್ಕೂ ಹೇಳಿಟ್ಟರು. ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳಿದರು: ತಲೆ ನೋಯುತ್ತಿದೆಯೇ, ಹೊಟ್ಟೆ ನೋಯುತ್ತಿದೆಯೇ, ವಾಂತಿಯಲ್ಲಿ ಕಪ್ಪು ಕಂಡಿತೇ. ಮಧ್ಯಾಹ್ನ ಮೂರರ ಹೊತ್ತಿಗೆ ರಕ್ತ ನಿಂತಿತು. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಆಸ್ಪಿರಿನ್ನೇ ಆಗಿದ್ರೆ ಅದರ ಪ್ರಭಾವ ಎಂಟು ಹತ್ತು ದಿನ ಇರುತ್ತೆ. ಅಲ್ಲಿವರೆಗೂ ಸೂಜಿ, ಕತ್ತರಿ, ಏನೂ ಮುಟ್ಟಬೇಡಿ. ಈಗ ಕಟ್ಟಿರೋ ಹೆಪ್ಪು ಬಹಳ ಎಳೆಯದು, ಮೂಗಿಗೆ ಒಂದು ಚೂರೂ ಒತ್ತಡ ಬೀಳಬಾರದು," ಎಂದು ಹೇಳಿ ಹೋದರು.

ಮಾಸ್ಟರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಅದರ ತುದಿ ಹಿಡಿದುಕೊಂಡೇ ಕೇಳಿದರು. "ಹನ್ನೊಂದು ವರ್ಷ. ಒಂದು ಸಲನಾದ್ರೂ ಹೇಳಬಾರದಿತ್ತಾ ತಾಯಿ?"

ಬತ್ತಿ ಇಟ್ಟ ಮೂಗಿನಿಂದ ಅಕ್ಕನ ದನಿ ಗುಂಯ್‌ಗುಡುತ್ತಿತ್ತು. "ಹೇಳಿದ್ರೆ ಕೈಗೆ ಸೂಜಿ ಕೊಡ್ತಿದ್ರಾ ಮಾಸ್ಟ್ರೇ?"

ಅವರ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ, "ಕೊಡ್ತಿದ್ದೆ" ಎಂದು ಸಲೀಸಾಗಿ ಸುಳ್ಳು ಹೇಳುತ್ತಿದ್ದರು. ಮಾಸ್ಟರು ಯೋಚಿಸಿದರು. "ಇಲ್ಲ. ಕೊಡ್ತಿರಲಿಲ್ಲ," ಎಂದರು.

"ಅದಕ್ಕೇ," ಎಂದಳು ಅಕ್ಕ.

ಮುಂದಿನದನ್ನು ಕೇಳುವ ಧೈರ್ಯ ಅಕ್ಕನಿಗಿಲ್ಲವೆಂದು ನನಗೆ ಗೊತ್ತಿತ್ತು. ಹಾಳಾಗಿ ಹೋಗಲಿ ಎಂದು ನಾನೇ ಕೇಳಿದೆ. "ಈಗ ಗೊತ್ತಾಯ್ತಲ್ಲ ಮಾಸ್ಟ್ರೇ. ಈಗೇನು?"

ಮಾಸ್ಟರು ಅಕ್ಕನ ಕೈಗಳನ್ನು ನೋಡುತ್ತ ಕುಳಿತರು. ಬೆರಳ ತುದಿಗಳಲ್ಲಿ ಹಳೆಯ ಕಂದು ಚುಕ್ಕೆಗಳು, ಮಣಿಕಟ್ಟಿನ ಬಳಿ ಒಂದು ನೀಲಿ ಗುರುತು. ದಿನಾ ಎದುರಿಗೇ ಇದ್ದ ಕೈಗಳು. "ಹನ್ನೊಂದು ವರ್ಷ ಕಾಣಿಸಲಿಲ್ಲ ನನಗೆ," ಎಂದರು. "ಹತ್ತು ದಿನ ಮಲ್ಕೋ. ಹನ್ನೊಂದನೇ ದಿನ ಬಾ. ನಿನ್ನ ಜಾಗಕ್ಕೆ ಯಾರನ್ನೂ ಕೂರಿಸಲ್ಲ. ನಿಂಗೆ ಏನು ಕೊಡಬಾರದು, ಏನಾದ್ರೂ ಆದ್ರೆ ಏನು ಮಾಡಬೇಕು, ಎಲ್ಲಾನೂ ನಂಗೆ ಕೂರಿಸಿಕೊಂಡು ಹೇಳ್ಕೊಡು. ನಂಗೂ ಕಲಿಯೋ ವಯಸ್ಸು ಮುಗಿದಿಲ್ಲ."

ಹಲ್ಲು ಕಿತ್ತಾಗ ಅಳದವಳು, ಬೆಳಗಿನಿಂದ ಅಷ್ಟು ರಕ್ತ ಹೋದರೂ ಅಳದವಳು ನಮ್ಮ ಅಕ್ಕ. ಈಗ ಅವಳ ಗಲ್ಲ ನಡುಗಿತು, ಕಣ್ಣು ತುಂಬಿತು. ಅಳು ಬಂದರೆ ಮೂಗು ಸುರಿಯುತ್ತದೆ, ಬಿಕ್ಕಿದರೆ ಹೆಪ್ಪು ಕಿತ್ತುಬರುತ್ತದೆ.

"ಅಕ್ಕಾ, ಅಳಬೇಡ. ನಿನ್ನ ದಮ್ಮಯ್ಯ, ಈಗ ಅಳಬೇಡ," ಎಂದೆ.

ಅಕ್ಕ ತಲೆಯಾಡಿಸಿ, ಬಾಯಿ ತೆರೆದು, ನಿಧಾನವಾಗಿ ಉಸಿರು ಬಿಟ್ಟಳು. ನಮ್ಮನ್ನು ನೋಡಿದರೆ ಅವಳ ಕಟ್ಟೆಯೊಡೆಯುತ್ತದೆಂದು ಮಾಸ್ಟರೂ ನಾನೂ ಗೋಡೆಯ ಕಡೆ ಮುಖ ತಿರುಗಿಸಿ, ನಮ್ಮ ಅಳುವನ್ನೂ ನುಂಗಿಕೊಂಡು ಕುಳಿತೆವು.