ಹಾಡಿನ ಮೇಡಂಗೆ ಕಟ್ಟಿದ ನುಡಿ

ಮಗಳ ಶಾಲೆಯ ಚಾರ್ಟಿಗೆಂದು ನಿನ್ನೆ ಒಲೆಯ ಮೇಲೆ ಮೈದಾ ಗೋಂದು ಕಾಯಿಸಿದೆ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಹೆತ್ತೂರಿನ ಕಡೆಯ ನಮ್ಮ ಹೈಸ್ಕೂಲಿನ ಹಾಡಿನ ಮೇಡಂ ನೆನಪಾದರು. ಜೊತೆಗೆ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಆರಿಲ್ಲ.

ತೊಂಬತ್ತರ ದಶಕದ ಕೊನೆ. ಹಾಡು ಕಟ್ಟಿದವರೊಬ್ಬರ ಬಗ್ಗೆ ಚಾರ್ಟ್ ಮಾಡಿ ತನ್ನಿ ಎಂದಿದ್ದರು ಮೇಡಂ. ಉಳಿದವರು ಹಳೇ ಕ್ಯಾಲೆಂಡರಿನಿಂದ ತಂಬೂರಿ ಹಿಡಿದವರನ್ನು ಕತ್ತರಿಸಿ ತಂದರು. ನಾನು ಅವ್ವನ ಬಗ್ಗೆ ಬರೆದೆ. ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದ ಅವ್ವ ನಮ್ಮ ಕೂಲಿ ಲೈನಿನ ಮನೆಗಳ ಮದುವೆಗಳಿಗೆಲ್ಲ ಸೋಬಾನೆ ಕಟ್ಟುತ್ತಿದ್ದಳು. ಅವಳ ಫೋಟೊ ಇರಲಿಲ್ಲ, ಸೀರೆಯ ಅಂಚು ಅಂಟಿಸಿದೆ. ಹುಳ ಹಿಡಿಯದಿರಲೆಂದು ಗೋಂದಿಗೆ ಎಸ್ಟೇಟ್ ಸ್ಟೋರಿನ ಮೈಲುತುತ್ತ ಬೆರೆಸಿದ್ದೆ. ಕೆಳಗೆ ಅವಳದೊಂದು ಹಾಡು, ಹನ್ನೆರಡು ನುಡಿ. ಓದುಬರಹ ಬಾರದ ಅವ್ವನ ಹಾಡು ಪೂರ್ತಿಯಾಗಿ ಕಾಗದ ಕಂಡದ್ದು ಅದೊಂದೇ ಸಲ.

ಮೇಡಂ ಚಾರ್ಟನ್ನು ಎತ್ತಿ ಹಿಡಿದರು. "ಇವಳವ್ವ ಹಾಡು ಕಟ್ತಾಳಂತೆ! ಏನೇ, ಸೌದೆ ಹೊರೆ ಕಟ್ಟಿದ ಹಾಗಾ?"

ತರಗತಿಯೆಲ್ಲ ನಕ್ಕಿತು. ಚಾರ್ಟು ವಾಪಸ್ ಬರಲಿಲ್ಲ. ಬಂದದ್ದು ವಾರ್ಷಿಕೋತ್ಸವದ ಆಮಂತ್ರಣ. ಅದರಲ್ಲಿ ಅವ್ವನ ಹಾಡಿನ ಮೊದಲ ಸಾಲಿತ್ತು, 'ರಚನೆ' ಎಂಬಲ್ಲಿ ಮೇಡಂ ಹೆಸರಿತ್ತು! ಹಾಡುವ ಹುಡುಗಿಯರಲ್ಲಿ ನನ್ನನ್ನೂ ಸೇರಿಸಿದ್ದರು. ಅಭ್ಯಾಸಕ್ಕೆ ಒಂದು ದಿನವೂ ತಪ್ಪಿಸಲಿಲ್ಲ.

ಮೇಡಂಗೆ ಗೊತ್ತಿಲ್ಲದ್ದೊಂದಿತ್ತು. ನಮ್ಮ ಸೋಬಾನೆ ಹನ್ನೆರಡನೇ ನುಡಿಗೆ ಮುಗಿಯುವುದಿಲ್ಲ. ಎದುರಿಗೆ ಕೂತ ಬೀಗುತಿಯನ್ನು ಹಂಗಿಸುವ ನುಡಿಯೊಂದನ್ನು ಅಲ್ಲೇ ಕಟ್ಟಿ ಹಾಡಬೇಕು. ಅದನ್ನು ಯಾರೂ ಬರೆದಿಡುವುದಿಲ್ಲ.

ವಾರ್ಷಿಕೋತ್ಸವದ ದಿನ ಹನ್ನೆರಡೂ ನುಡಿ ಮುಗಿದು ಮೇಡಂ ಹಾರ್ಮೋನಿಯಂ ಮುಚ್ಚುವಷ್ಟರಲ್ಲಿ ನಾನೊಬ್ಬಳೇ ಹದಿಮೂರನೆಯದನ್ನು ಎತ್ತಿದೆ...

"ಕೇಳ್ದೆ ತಂದ ಸೀರೆ ಉಟ್ಟು ಮೆರೆಯೋ ಬೀಗುತಿ,
ಬಿಚ್ಚಿಕೊಟ್ಟು ಹೋಗೆ, ಸೀರೆ ಒಡತಿ ಬಂದವ್ಳೆ!"

ನೆಲದ ಮೇಲೆ ಕೂತಿದ್ದ ಲೈನಿನ ಹೆಂಗಸರು "ಸೋಬಾನವೇ" ಎಂದು ರೂಢಿಯಂತೆ ದನಿಗೂಡಿಸಿದರು. ಆಮೇಲೆ ಒಬ್ಬೊಬ್ಬರೇ ಮೇಡಂ ಕಡೆ ತಿರುಗಿದರು. ಯಾರೋ ಪಕ್ಕದಲ್ಲಿ ಕೂತಿದ್ದ ಅವ್ವನ ಕಡೆ ಕೈ ತೋರಿ ಕೂಗಿದರು, "ಇದು ನಮ್ಮಕ್ಕಯ್ಯನ ಹಾಡಲ್ವೇನ್ರೇ?" ನಗು ಶಾಲೆಯ ಹೆಂಚು ಹಾರುವಷ್ಟಾಯಿತು. ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಅದನ್ನು ಕಣ್ತುಂಬ ನೋಡಿದೆ. ಅಷ್ಟು ಖುಷಿ ಮತ್ತೆಂದೂ ಪಟ್ಟಿಲ್ಲ.

ಅವ್ವ ಮಾತ್ರ ನಗಲಿಲ್ಲ. "ಹಂಗಿಸಿದ ಮ್ಯಾಲೆ ಎಲೆ ಅಡಿಕೆ ಕೊಟ್ಟು ನಗಿಸಿ ಕಳಿಸ್ಬೇಕು ಕಣೆ. ನೀನು ಬರೀ ಹಂಗಿಸ್ಬುಟ್ಟೆ" ಎಂದಳು. ಆ ಹಾಡನ್ನು ಅವಳು ಮತ್ತೆ ಬಾಯಿಗೆ ತರಲಿಲ್ಲ. ಬೇಸಿಗೆ ರಜೆಯಲ್ಲಿ ಮೇಡಂ ವರ್ಗ ಮಾಡಿಸಿಕೊಂಡು ಹೋದರು. ಚಾರ್ಟೂ ಹೋಯಿತು. ಈಗ ಎದುರಾದರೂ ಅವರಿಗೆ ನಾನು ಎಲೆ ಅಡಿಕೆ ಕೊಡುವವಳಲ್ಲ.

ಅವ್ವ ತೀರಿಕೊಂಡು ಎಂಟು ವರ್ಷ. ನಿನ್ನೆ ಮಗಳು ಗೋಂದು ಕಲಕುತ್ತಾ, "ಅಮ್ಮ, ನಾನು ಅಜ್ಜಿ ಬಗ್ಗೇನೇ ಮಾಡ್ತೀನಿ. ಅಜ್ಜಿ ಹಾಡು ಹೇಳು, ಬರ್ಕೋತೀನಿ" ಎಂದಳು. ಬಾಯಿ ತೆರೆದೆ. ಹನ್ನೆರಡು ನುಡಿಗಳಲ್ಲಿ ಒಂದೂ ಪೂರ್ತಿ ಬರಲಿಲ್ಲ... ತಪ್ಪದೆ ಬಂದದ್ದು ಹದಿಮೂರನೆಯದು, ಅವ್ವ ಕಟ್ಟದ ನುಡಿ.