ಎಡತೋಳು ಗಿಡ್ಡವಿದ್ದ ಅಂಗಿ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ಸರಿಯಾದ ಮಾತು ಹೊಳೆಯದೆ ಎಷ್ಟೋ ಕಡೆ ಹೊಡೆದು ಬರೆದಿದ್ದೇನೆ. ಆದರೂ ದೊಡ್ಡಮ್ಮನ ಸಂಗತಿಯನ್ನು ಯಾರಾದರೂ ಬರೆದಿಡಬೇಕು.

ದೊಡ್ಡಮ್ಮ ಟೈಲರ್. ಹೊಲಿಗೆ ಮೆಷಿನ್ ತುಳಿದೇ ತನ್ನ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಅವನು ಚಿಕ್ಕಂದಿನಲ್ಲಿ ಗೋಡೆಯಿಂದ ಬಿದ್ದು ಎಡಗೈ ಮುರಿದುಕೊಂಡಿದ್ದ. ಮೂಳೆ ಕೂಡಿಕೊಂಡಿತು, ಕೈ ಮಾತ್ರ ಎರಡು ಬೆರಳಿನಷ್ಟು ಗಿಡ್ಡವಾಗಿ ಉಳಿಯಿತು. ಯಾರ ಕಣ್ಣಿಗೂ ಬೀಳದಿರಲೆಂದು ಅವನ ಅಂಗಿಗಳನ್ನೆಲ್ಲ ಅವಳೇ ಅಳೆದು ಹೊಲಿಯುತ್ತಾಳೆ.

ಹೊಟ್ಟೆಪಾಡಿಗೆ ಅವಳು ಹೊಲಿಯುವುದು ಜೈಲಿನ ಅಂಗಿಗಳನ್ನು. ಕತ್ತರಿಸಿದ ಬೂದು ಬಟ್ಟೆ ಗಂಟಾಗಿ ವ್ಯಾನಿನಲ್ಲಿ ಬರುತ್ತದೆ. ತುಂಡುಗಳನ್ನು ಜೋಡಿಸಿ ಹೊಲಿದರಾಯಿತು. ಸಣ್ಣ, ನಡು, ದೊಡ್ಡ, ಹೀಗೆ ಮೂರೇ ಅಳತೆ. ಕೈದಿಗೆ ಒಪ್ಪಲಿ ಎಂದು ಯಾರೂ ಅಂಗಿ ಹೊಲಿಸುವುದಿಲ್ಲ.

ಈ ಸಲದ ಗಂಟಿನಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಒಂದು ಅಂಗಿಯ ಎಡತೋಳು ಗಿಡ್ಡವಾಗಿತ್ತು. ಕತ್ತರಿ ಹಿಡಿದವನ ಕಣ್ಣು ತಪ್ಪಿರಬೇಕೆಂದು ದೊಡ್ಡಮ್ಮ ಒಂದು ಪಟ್ಟಿ ಸೇರಿಸಿ ತೋಳು ಸಮ ಮಾಡಿದಳು. ಮೊದಲು ಮುಗಿದ ಅಂಗಿಯನ್ನು ಒಪ್ಪಿಗೆಗೆ ಕಳಿಸುವುದು ರೂಢಿ, ಅದನ್ನೇ ಕಳಿಸಿದಳು. ಮರುದಿನ ವ್ಯಾನಿನವನು ವಾಪಸು ತಂದ.

"ಅಮ್ಮಾ, ತೋಳು ಮೊದಲಿದ್ದ ಹಾಗೇ ಇರ್ಬೇಕಂತೆ."

"ಅದು ತಪ್ಪಲ್ವೇನಪ್ಪಾ?"

"ತಪ್ಪಲ್ವಂತೆ." ಅವನು ಅವಳ ಮುಖ ನೋಡಲಿಲ್ಲ.

ದೊಡ್ಡಮ್ಮ ಪಟ್ಟಿಯನ್ನು ಬಿಚ್ಚಿದಳು. ಹಗ್ಗದ ಮೇಲೆ ತಮ್ಮನ ಅಂಗಿ ಒಣಗುತ್ತಿತ್ತು. ಎರಡನ್ನೂ ಒಂದರ ಮೇಲೊಂದು ಹಿಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅಂದು ಸಂಜೆ ತಮ್ಮನ ಜೊತೆಯವರು ಅವಳ ಕೋಣೆಯಲ್ಲೇ ಸೇರಿದರು, ನಾನೂ ಅಲ್ಲೇ ಇದ್ದೆ. ಚುನಾವಣೆಯಲ್ಲಿ ಗೆದ್ದಿದ್ದ ಅವರ ನಾಯಕಿಯನ್ನು ಸರ್ಕಾರ ಒಳಗೆ ಹಾಕಿತ್ತು. ತಾವಷ್ಟೇ ಚೌಕದಲ್ಲಿ ಧರಣಿ ಕೂರುವುದೋ, ಊರನ್ನೇ ಬೀದಿಗಿಳಿಸುವುದೋ ಎಂದು ಚರ್ಚೆ. ದೊಡ್ಡಮ್ಮ ಅಂಗಿಯನ್ನು ಅವರ ಮುಂದಿಟ್ಟು ನಡೆದದ್ದನ್ನು ಹೇಳಿದಳು.

ಡೊಳ್ಳುಹೊಟ್ಟೆಯ ಬಸ್ ಡ್ರೈವರ್ ನಕ್ಕ. "ಜೈಲಲ್ಲಾದ್ರೂ ನನ್ ಹೊಟ್ಟೆಗೆ ಹಿಡಿಸೋ ಅಂಗಿ ಸಿಗುತ್ತಾ ನೋಡೋಣ ತಡಿ ಅಕ್ಕಾ!" ಎಂದು ಆ ಗಂಟಿನದೇ ಹೊಲಿದಿಟ್ಟ ಅಂಗಿಗಳಲ್ಲಿ ಅಗಲವಾದದ್ದೊಂದನ್ನು ಎಳೆದು ತೊಟ್ಟ. ಮುಂಭಾಗದ ಎರಡೂ ಅಂಚುಗಳು ಹೊಟ್ಟೆಯ ಮೇಲೆ ಸಲೀಸಾಗಿ ಕೂಡಿಕೊಂಡವು. ಅವನ ನಗು ಅಲ್ಲೇ ಒಣಗಿತು.

ಎಲ್ಲರೂ ಕಂಬ ಎಂದು ಕರೆಯುವ ಮೇಷ್ಟ್ರಿಗೆ ಯಾವ ಅಂಗಿಯ ತೋಳೂ ಮಣಿಕಟ್ಟಿನವರೆಗೆ ಬಂದದ್ದಿಲ್ಲ. ಒಂದು ಬಂತು. ನರ್ಸ್ ಅಕ್ಕ ಎಡಚಿ. ಒಂದಕ್ಕೆ ಜೇಬು ಬಲಗಡೆ ಇತ್ತು. ಅವಳು ಅದನ್ನು ಮುಟ್ಟಲೇ ಇಲ್ಲ.

"ಅಳತೆ ನೀನೇ ಕೊಟ್ಯೇನಕ್ಕಾ?" ಎಂದ ಡ್ರೈವರ್. ತಮಾಷೆಗೆಂದೇ ಅಂದದ್ದು.

"ನಾನು ಟೇಪು ಹಿಡಿದಿದ್ದು ನನ್ ತಮ್ಮನೊಬ್ಬನಿಗೆ ಕಣಪ್ಪಾ," ಎಂದಳು ದೊಡ್ಡಮ್ಮ. ಆಮೇಲೆ ತಮ್ಮನ ಗಿಡ್ಡ ಕೈಯನ್ನು ಹಿಡಿದುಕೊಂಡಳು. "ಹೋಗ್ಬೇಡ್ವೋ. ನಿನ್ ಅಂಗಿ ಆಗ್ಲೇ ಹೊಲಿದಾಗಿದೆ."

"ಹೋಗ್ದಿದ್ರೂ ಅಂಗಿ ಇದ್ದೇ ಇರುತ್ತಲ್ಲಕ್ಕಾ," ಎಂದ ಅವನು ಮೆಲ್ಲಗೆ.

ಹೊರಗೆ ಬೀದಿಯಲ್ಲಿ ಯಾವುದೋ ವ್ಯಾನು ಬಂದು ನಿಂತ ಸದ್ದಾಯಿತು. ಬಾಗಿಲು ತೆರೆದ ಸದ್ದಾಗಲಿಲ್ಲ. ದೊಡ್ಡಮ್ಮ ಗಂಟಿನ ಅಂಗಿಗಳನ್ನು ಒಂದೊಂದಾಗಿ ಎಣಿಸಿದಳು.

"ನೀವಷ್ಟೇ ಹೋದ್ರೆ ಈ ಗಂಟು ಸಾಕಾಗುತ್ತೆ," ಎಂದಳು ಕೊನೆಗೆ. "ಊರಿಗೂರೇ ಎದ್ದು ಬಂದ್ರೆ? ಇಲ್ಲಿರೋ ಮೆಷಿನ್ನೆಲ್ಲ ಹಗಲೂ ರಾತ್ರಿ ತುಳಿದ್ರೂ ಅಷ್ಟು ಅಂಗಿ ಆಗಲ್ಲ. ಕರೀರಿ ಎಲ್ಲರನ್ನೂ. ನಾನೂ ಬರ್ತೀನಿ."

ಧರಣಿಯ ಮಾತು ಅಲ್ಲಿಗೆ ನಿಂತಿತು. ಮನೆಮನೆಗೂ ಹೋಗಿ ಕರೆಯುವುದೆಂದು ತೀರ್ಮಾನವಾಯಿತು.

ಇವತ್ತು ಬೆಳಿಗ್ಗೆ ವ್ಯಾನಿನವನು ಬಂದಾಗ ದೊಡ್ಡಮ್ಮ "ಮುಗಿದಿಲ್ಲ" ಎಂದಳು. ಅವನು ಇನ್ನೊಂದು ಗಂಟನ್ನು ಇಳಿಸಿ ಹೋದ. ಅದು ಎಷ್ಟು ದೊಡ್ಡದೆಂದರೆ ಬಾಗಿಲಲ್ಲಿ ಹಿಡಿಸದೆ ಹೊರಗೇ ಉಳಿದಿದೆ. ದೊಡ್ಡಮ್ಮ ಅದನ್ನು ಬಿಚ್ಚಿಲ್ಲ.

ನಾಲ್ಕು ಜನರ ಮುಂದೆ ನನಗೆ ಮಾತೇ ಹೊರಡುವುದಿಲ್ಲ. ಆದರೂ ನಾಳೆ ಬೆಳಿಗ್ಗೆ ನಮ್ಮ ಬೀದಿಯ ಮನೆಗಳ ಬಾಗಿಲು ತಟ್ಟಿ ಜನರನ್ನು ಕರೆಯುತ್ತೇನೆ.