ಕಾಕಾನ ಡಬ್ಬಿ, ನನ್ನ ಕಫ

ಸಂಗಪ್ಪ ಕಾಕಾನ ಹೆಸರು ಬರೆದಿದ್ದ ಡಬ್ಬಿಯಲ್ಲಿ ದವಾಖಾನೆಗೆ ಹೋದ ಕಫ ನನ್ನದು. ಮೊದಲು ಇಷ್ಟು ಹೇಳಿಬಿಡುತ್ತೇನೆ — ತಡಮಾಡಿದರೆ ನನ್ನ ನಾಲಿಗೆ ಇನ್ಯಾರದೋ ದನಿ ತೆಗೆದು ಜಾರಿಕೊಳ್ಳುತ್ತದೆ.

ಬೈಲಹೊಂಗಲದ ಹತ್ತಿ ಮಿಲ್ಲೊಂದರಲ್ಲಿ ಕಾಕಾ ಮಷೀನಿಗೆ ಹತ್ತಿ ಉಣಿಸುವವ, ನಾನು ಅವನ ಪಕ್ಕದವ. ಮಾಲಕರ ಗುಟುರು, ಕಂಡಕ್ಟರನ ಮೂಗಿನ ರಾಗ, ಹುಡುಗಿಯರ ಮುಂದೆ ನನ್ನದೇ ತೊದಲು — ಎಲ್ಲ ಮಾಡಿ ನಗಿಸುತ್ತಿದ್ದೆ. ಮಂದಿ ಕೇಳಿ ಮಾಡಿಸುತ್ತಿದ್ದದ್ದು ಮಾತ್ರ ಕಾಕಾನ ಕೆಮ್ಮು. ಎರಡು ಗಿಡ್ಡ, ಒಂದು ಉದ್ದ, ಕೊನೆಗೊಂದು 'ಯವ್ವಾ'. ಕಾಕಾನೂ ನಗುತ್ತಿದ್ದ. "ಯಾವದು ನಂದು, ಯಾವದು ನಿಂದು, ನನಗ ತಿಳೀವಲ್ದಲೇ" ಅನ್ನುತ್ತಿದ್ದ.

ಮಿಲ್ಲಿನಲ್ಲಿ ಕೆಮ್ಮದವರು ಯಾರಿದ್ದಾರೆ? ಹತ್ತಿಯ ಧೂಳು ರೆಪ್ಪೆಯ ಮೇಲೂ ಕೂತಿರುತ್ತದೆ. ಸಂಜೆ ಒಂದು ಚೂರು ಬೆಲ್ಲ ತಿಂದರೆ ಇಳಿಯಿತು ಎಂದು ನಂಬಿದವರು ನಾವು. ಕಾಕಾ ಎರಡು ಚೂರು ತಿಂದರೂ ಇಳಿಯಲಿಲ್ಲ. ಅಂಗಿ ಸಡಿಲಾಗುತ್ತ ಬಂತು. ಅದನ್ನೂ ಮಾಡಿ ತೋರಿಸಿದೆ — ಹೊಟ್ಟೆ ಒಳಗೆಳೆದುಕೊಂಡು.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಅಕ್ಕ ಕಫ ತಪಾಸಣೆಗೆ ಕಾಕಾನ ಹೆಸರು ಬರೆದು ಡಬ್ಬಿ ಕೊಟ್ಟಳು. ಮರುದಿನ ಮುಂಜಾನೆ ಕಾಕಾ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ ತುಂಬಿಸಿ, ದವಾಖಾನೆಗೆ ಮುಟ್ಟಿಸೆಂದು ನನ್ನ ಕೈಗಿಟ್ಟ. ಸೈಕಲ್ ಮೇಲೆ ಹೊರಟವ ದಾರಿಯಲ್ಲಿ ಗೆಳೆಯನಿಗೆ ಮಾಲಕರು ಸಲಾಮು ಹೊಡೆಯುವ ಗತ್ತು ಮಾಡಿ ತೋರಿಸಹೋಗಿ — ಡಬ್ಬಿ ಬಿತ್ತು, ಮುಚ್ಚಳ ಹಾರಿತು. ತಿರುಗಿ ಹೋಗಿ ಹೇಳಬಹುದಿತ್ತು. ಬೈಸಿಕೊಳ್ಳುತ್ತಿದ್ದೆ, ಅಷ್ಟೇ. ನಾನು ನಳದಲ್ಲಿ ಡಬ್ಬಿ ತೊಳೆದು, ಗೋಡೆಯ ಮರೆಗೆ ನಿಂತು, ಕಾಕಾನ ಹಾಗೆಯೇ ಕೆಮ್ಮಿ ಉಗುಳಿದೆ. ಎರಡು ಗಿಡ್ಡ, ಒಂದು ಉದ್ದ. ನಗು ಬಂದಿತ್ತು — ಅದನ್ನೂ ಬರೆಯಬೇಕು.

ಏನೂ ಇಲ್ಲ ಎಂದು ರಿಪೋರ್ಟು ಬಂತು. ಕಾಕಾ ಇಡೀ ಮಿಲ್ಲಿಗೆ ಬೆಲ್ಲ ಹಂಚಿದ. ನನಗೆ ದೊಡ್ಡ ಚೂರು. ತಿಂದೆ.

ಆಮೇಲೆ ಯಾರೇ ಆತನ ಕೆಮ್ಮಿನ ಬಗ್ಗೆ ಕೇಳಿದರೂ ಕಾಕಾ ಆ ಚೀಟಿ ತೋರಿಸುತ್ತಿದ್ದ. ನಾನು ನೆಲ ನೋಡುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುತ್ತಲೇ ದಿನ ಹೋದವು. ಕಾಕಾ, ಅವನ ಹೆಂಡತಿ ಇಬ್ಬರದೂ ಒಂದೇ ಕೋಣೆಯ ಮನೆ, ಒಂದೇ ಕಿಟಕಿ. ದೀಪಾವಳಿಯ ಹೊತ್ತಿಗೆ ಗೌರವ್ವ ಕಾಕಿಯೂ ಕೆಮ್ಮತೊಡಗಿದಳು. ಎರಡು ಗಿಡ್ಡ, ಒಂದು ಉದ್ದ. ಆ ಅಣಕು ನಾನು ಮಾಡಿದ್ದಲ್ಲ. ಆಗಲೂ ಬಾಯಿ ಬಿಡಲಿಲ್ಲ. ಮುಂದಿನ ವಾರ ಕಾಕಾ ಕೆಮ್ಮಿದಾಗ, ಮಷೀನಿನ ಬಾಯಿಯ ಬಿಳಿ ಹತ್ತಿ ಕೆಂಪಾಯಿತು.

ಧಾರವಾಡದ ದವಾಖಾನೆಯಲ್ಲಿ ಟಿ.ಬಿ. ಅಂದರು. ಇಬ್ಬರಿಗೂ. ತಿಂಗಳುಗಟ್ಟಲೆ ಗುಳಿಗೆ ನುಂಗಿದರು. ಕಾಕಿ ಚೇತರಿಸಿಕೊಂಡಳು. ಕಾಕಾನ ರೋಗ ಹೋಯಿತು, ಹೋಗುವಾಗ ಒಂದು ಕಡೆಯ ಪುಪ್ಪುಸವನ್ನು ಕೆಡಿಸಿಯೇ ಹೋಯಿತು. ಮೊದಲೇ ಬಂದಿದ್ದರೆ, ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರಂತೆ. ಉಳಿದರ್ಧ ನನಗೆ ಗೊತ್ತು. ಈಗ ಕಾಕಾ ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಾನೆ.

ಎರಡು ವರ್ಷ ತಡವಾಗಿ, ಹೋದ ವಾರ ಹೋಗಿ ಎಲ್ಲ ಹೇಳಿದೆ. ನನ್ನದೇ ದನಿಯಲ್ಲಿ, ಅದು ಅಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಕಾಕಿ ಒಳಗೆ ಹೋದಳು. ಕಾಕಾ ಕಟ್ಟೆಯ ಮೇಲೆ ಕೂತು ಉಸಿರು ಕೂಡಿಸಿಕೊಂಡ. ಆಮೇಲೆ ಅಂದ:

"ನನ್ನ ಕೆಮ್ಮು ಭಾಳ ಛಲೋ ಮಾಡ್ತಿದ್ದಿ. ಈಗ ನನ್ನ ಉಸರು ಮಾಡಿ ತೋರಿಸ್ಲೇ — ನಡುವ ನಿಲ್ಲಸೂ ಹಂಗಿಲ್ಲ."